ಕಡ್ಡಿ, ರಟ್ಟು ಮತ್ತು ಬೂದು ಪದರ

ಫೋಟೋಶಾಪ್ ತೆರೆದರೆ ಎಡಬದಿಯ ಸಾಲಿನಲ್ಲಿ ಕಡ್ಡಿಗೆ ಸಿಕ್ಕಿಸಿದ ಗುಂಡು ರಟ್ಟಿನಂಥ ಚಿಹ್ನೆಯೊಂದಿದೆ. ಒತ್ತಿ ಹಿಡಿದರೆ ಅದರ ಬಗಲಲ್ಲೇ ಬೆರಳು ಮಡಿಚಿದ ಕೈ ಕಾಣುತ್ತದೆ. ಡಾಡ್ಜ್, ಬರ್ನ್. ಮೊದಲನೆಯದನ್ನು ಈಗಿನ ಹುಡುಗರು ಲಾಲಿಪಾಪ್ ಅಂದುಕೊಂಡರೆ ತಪ್ಪೇನಿಲ್ಲ. ಡಾರ್ಕ್ ರೂಮನ್ನೇ ನೋಡದವರಿಗೆ ಇನ್ನೇನಾಗಿ ಕಂಡೀತು? ಎನ್‌ಲಾರ್ಜರಿನ ಬೆಳಕು ಕಾಗದದ ಮೇಲೆ ಬೀಳುವಾಗ ಆ ರಟ್ಟನ್ನು ಅಡ್ಡ ಹಿಡಿದು ಅಲ್ಲಾಡಿಸಿದರೆ ಅಷ್ಟು ಜಾಗ ತಿಳಿಯಾಗುತ್ತಿತ್ತು. ಕೈಸಂದಿಯಿಂದ ಇನ್ನಷ್ಟು ಬೆಳಕು ಬಿಟ್ಟರೆ ಕಪ್ಪೇರುತ್ತಿತ್ತು. ಕಪ್ಪು-ಬಿಳುಪು ಮುಖಕ್ಕೆ ಆಳ ಕೊಡುವ ವಿದ್ಯೆ ಹೆಚ್ಚುಕಡಿಮೆ ಇಷ್ಟೇ. ತಂತ್ರಾಂಶಗಳು ಆ ವಿದ್ಯೆಯನ್ನು ಬದಲಿಸಲಿಲ್ಲ. ಕೈತಪ್ಪಿದಾಗ ಹಿಂದಿರುಗುವ ದಾರಿ ಕೊಟ್ಟವು.

ತಿದ್ದುವ ಚಪಲ ಕಂಪ್ಯೂಟರಿನದಲ್ಲ. 1930ರ ದಶಕದಲ್ಲಿ ಜಾರ್ಜ್ ಹರೆಲ್ ತೆಗೆದ ಹಾಲಿವುಡ್ ತಾರೆಯರ ಹಾಲುಗೆನ್ನೆಗಳ ಹಿಂದೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದ ಗಂಟೆಗಟ್ಟಲೆ ದುಡಿಮೆಯಿದೆ. ನಮ್ಮ ಊರುಗಳ ಸ್ಟುಡಿಯೋಗಳಲ್ಲೂ ‘ಟಚಿಂಗ್’ ಮಾಡುವವರು ಇಳಿಜಾರು ಮೇಜಿಗೆ ಬಗ್ಗಿ ಇದನ್ನೇ ಮಾಡುತ್ತಿದ್ದರು. ಯೂಜೀನ್ ಸ್ಮಿತ್ ಅಂಥ ಛಾಯಾಗ್ರಾಹಕರು ಪ್ರಿಂಟಾದ ಮೇಲೂ ಬಿಡದೆ ಪೊಟ್ಯಾಸಿಯಂ ಫೆರಿಸಯನೈಡ್ ಸವರಿ ಬೇಕಾದ ಕಡೆ ಬಿಳುಪು ಬರಿಸಿದರು. ಸವರಿದ್ದು ಹೆಚ್ಚಾದರೆ ಪ್ರಿಂಟ್ ಕಸದ ಬುಟ್ಟಿಗೆ.

1987ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಥಾಮಸ್ ನೋಲ್ ಎದುರಿಗಿದ್ದ ಮ್ಯಾಕಿಂಟಾಷ್ ಪರದೆಗೆ ಕಪ್ಪು, ಬಿಳುಪು ಎರಡೇ ಗೊತ್ತು. ಅದರಲ್ಲಿ ಬೂದು ಛಾಯೆಗಳನ್ನು ತೋರಿಸಲೆಂದು ಆತ ಬರೆದ ಪುಟ್ಟ ಪ್ರೋಗ್ರಾಮೇ ಬೆಳೆದು, ತಮ್ಮ ಜಾನ್‌ನ ಒತ್ತಾಸೆಯಿಂದ 1990ರಲ್ಲಿ ಫೋಟೋಶಾಪ್ ಆಗಿ ಹೊರಬಂತು. ಬೂದಿನ ಹುಡುಕಾಟದಲ್ಲೇ ಹುಟ್ಟಿದ್ದು ಎನ್ನುವುದು ನನಗಂತೂ ಖುಷಿಯ ಸಂಗತಿ.

ನಿಜವಾದ ತಿರುವು 1994. ಮೂರನೇ ಆವೃತ್ತಿಯಲ್ಲಿ ಲೇಯರ್, ಅಂದರೆ ಪದರ, ಬಂತು. ಮೂಲ ಚಿತ್ರವನ್ನು ಮುಟ್ಟದೆ, ಮೇಲೊಂದು ನಡುಬೂದು ಪದರ ಹಾಸಿ, ಅದನ್ನು ‘ಸಾಫ್ಟ್ ಲೈಟ್’ಗೆ ಇಟ್ಟರೆ ಆ ಬೂದು ಕಣ್ಣಿಗೆ ಕಾಣುವುದೇ ಇಲ್ಲ. ಅದರ ಮೇಲೆ ಬಿಳಿ ಸವರಿದಲ್ಲಿ ಕೆಳಗಿನ ಮುಖ ಬೆಳಗುತ್ತದೆ, ಕಪ್ಪು ಸವರಿದಲ್ಲಿ ತಗ್ಗುತ್ತದೆ. ಬೇಡವಾದರೆ ಪದರವನ್ನೇ ಕಿತ್ತೆಸೆಯಬಹುದು. ಹೊಸ ಹೊಸ ಗುಂಡಿಗಳು ಎಷ್ಟೇ ಬಂದರೂ ನಾನು ಇದನ್ನೇ ನೆಚ್ಚಿಕೊಂಡಿದ್ದೇನೆ.

ಕಿಟಕಿ ಪಕ್ಕ ಕೂತ ಅಜ್ಜಿಯ ಚಿತ್ರ ಅಂದುಕೊಳ್ಳಿ. ಕಪ್ಪು-ಬಿಳುಪಾಗಿಸುವ ಮೊದಲು ಬಣ್ಣದ ಫೈಲಿನ ಕೆಂಪು ಚಾನೆಲ್ ನೋಡಿದರೆ ಚರ್ಮ ನಯವಾಗಿ, ಬೆಳ್ಳಗೆ ಕಾಣುತ್ತದೆ. ನೀಲಿಯಲ್ಲಿ ಪ್ರತಿ ಕಲೆ, ಪ್ರತಿ ಸುಕ್ಕು ಎದ್ದು ಬರುತ್ತದೆ. ಹಸಿರು ನಡುವೆ ನಿಲ್ಲುತ್ತದೆ. ಅಜ್ಜಿಗೆ ಹಸಿರೇ ವಾಸಿ. ಆಮೇಲೆ ಬ್ರಷ್ಷಿನ ಹರಿವನ್ನು ನೂರಕ್ಕೆ ಮೂರೋ ನಾಲ್ಕೋ ಇಟ್ಟುಕೊಂಡು ಕೆನ್ನೆಮೂಳೆ, ಮೂಗಿನ ಏಣು, ಮೂಗುತಿಯ ಹರಳಿಗೆ ಚೂರು ಬೆಳಕು. ದವಡೆಯ ಕೆಳಗೆ, ಕಿಟಕಿಗೆ ಬೆನ್ನು ಮಾಡಿದ ಕೆನ್ನೆಗೆ ಕಪ್ಪು. ಕಿಟಕಿಯ ಬೆಳಕು ಮೊದಲೇ ಹಾಕಿಕೊಟ್ಟ ದಾರಿಯಲ್ಲೇ ಬ್ರಷ್ ನಡೆಯಬೇಕು. ಎದುರು ನಡೆದರೆ ಮುಖ ಮೇಣದ ಬೊಂಬೆಯಾಗುತ್ತದೆ. ಕಣ್ಣಿನ ಬಿಳಿಯನ್ನು ಇನ್ನೂ ಬಿಳಿ ಮಾಡಿ ದೆವ್ವ ಬರಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇನ್ನೊಂದು ಮಾತು: 8 ಬಿಟ್ ಫೈಲಿನಲ್ಲಿ ಬೂದಿಗೆ ಇರುವುದು 256 ಮೆಟ್ಟಿಲು ಮಾತ್ರ. ಕರ್ವ್ ಜೋರಾಗಿ ಎಳೆದರೆ ಹಿಂದಿನ ಗೋಡೆಯಲ್ಲಿ ಪಟ್ಟೆ ಬೀಳುತ್ತದೆ. 16 ಬಿಟ್‌ನಲ್ಲಿ ಈ ಕಾಟ ಕಡಿಮೆ.

2007ರ ಫೋಟೋಶಾಪ್ ಸಿಎಸ್3ರಲ್ಲಿ ಕಪ್ಪು-ಬಿಳುಪಿಗೆಂದೇ ಬೇರೆ ಹೊಂದಾಣಿಕೆ ಬಂತು. ಕೆಂಪು, ಹಳದಿ, ಹಸಿರುಗಳು ಎಷ್ಟು ಬೂದಾಗಬೇಕೆಂದು ಒಂದೊಂದಾಗಿ ಹೇಳಬಹುದಾಯಿತು. ಮರುವರ್ಷ ಲೈಟ್‌ರೂಮ್ ತಂತ್ರಾಂಶದ ಎರಡನೇ ಆವೃತ್ತಿ ಕ್ಯಾಮೆರಾದ ರಾ ಫೈಲಿನ ಮೇಲೇ ಬ್ರಷ್ ಆಡಿಸಲು ಬಿಟ್ಟಿತು.

ಈಗ ಫೋನೇ ಮುಖದ ಉಬ್ಬುತಗ್ಗು ಅಳೆದು, ಹಿನ್ನೆಲೆ ಅಳಿಸಿ, ಸ್ಟುಡಿಯೋ ಕಪ್ಪು ತುಂಬಿ ಕೊಡುತ್ತದೆ. ಮೊನ್ನೆ ಮದುವೆಮನೆಯಲ್ಲಿ ಅಂಥದ್ದೊಂದು ಚಿತ್ರ ತೋರಿಸಿದರು. ಮುಖವೇನೋ ಚೆನ್ನಾಗೇ ಬಂದಿತ್ತು. ಮುಡಿದಿದ್ದ ಮಲ್ಲಿಗೆ ದಂಡೆಯಲ್ಲಿ ಮಾತ್ರ ಅರ್ಧವನ್ನು ಫೋನು ಗೋಡೆಯ ಜೊತೆಗೇ ಅಳಿಸಿಹಾಕಿತ್ತು.