ಚರಂಡಿ ಬಾಯಿಂದ ಬಂದ ಮದ್ದು

ಇವತ್ತಿನ ಕಥೆ ಹೊಳಲಿನ ನಮ್ಮ ಮನೆಯ ಗೂಡಿನಿಂದ ಶುರು. ಅಲ್ಲಿ ಸೆಫಿಕ್ಸಿಮ್ ಸಿರಪ್ಪಿನ ಅರ್ಧ ಬಾಟ್ಲಿ ಇತ್ತು. ಅಣ್ಣನ ಮಗನಿಗೆ ಟೈಫಾಯ್ಡ್ ಆದಾಗ ತಂದದ್ದು. ಜ್ವರ ಇಳಿದ ಕೂಡಲೇ ನಿಲ್ಲಿಸಿ, "ಇರ್ಲಿ ಬಿಡು, ಮತ್ತ ಜ್ವರ ಬಂದ್ರ ಬೇಕಾಗ್ತದ" ಅಂತ ಅವ್ವ ಎತ್ತಿಟ್ಟಿದ್ಲು. ನನಗೆ ಒಂದು ಪ್ರಶ್ನೆ ಬಂತು: ಈ ಪುಡಿಗೆ ನೀರು ನಾವೇ ಯಾಕೆ ಬೆರೆಸಬೇಕು? ಕಂಪನಿಯವರೇ ಬೆರೆಸಿ ಕೊಡಬಾರದಾ?

ಉತ್ತರ ಹುಡುಕ್ತಾ 1945ಕ್ಕೆ ಹೋದೆ. ಇಟಲಿಯ ಸಾರ್ಡೀನಿಯಾ ದ್ವೀಪದ ಕಾಲ್ಯಾರಿ ಪಟ್ಟಣ. ಚರಂಡಿ ನೀರು ಸಮುದ್ರ ಸೇರುವ ಜಾಗದಲ್ಲಿ ಜ್ಯುಸೆಪ್ಪೆ ಬ್ರೋಟ್ಸು ಅನ್ನೋ ಪ್ರೊಫೆಸರ್‌ಗೆ ಒಂದು ಬೂಷ್ಟು ಸಿಕ್ತು. ಅದರ ರಸ ಟೈಫಾಯ್ಡ್ ಬ್ಯಾಕ್ಟೀರಿಯಾವನ್ನೂ ತಡೀತಿತ್ತು. 1948ರಲ್ಲಿ ಆ ಬೂಷ್ಟು ಆಕ್ಸ್‌ಫರ್ಡ್ ತಲುಪಿತು. 1953ರಲ್ಲಿ ಎಡ್ವರ್ಡ್ ಅಬ್ರಹಾಂ, ಗೈ ನ್ಯೂಟನ್ ಅದರಲ್ಲಿ ಸೆಫಲೋಸ್ಪೋರಿನ್-ಸಿ ಗುರುತಿಸಿದರು.

ಇದರ ಜೀವಾಳ ಬೀಟಾ-ಲ್ಯಾಕ್ಟಮ್ ಉಂಗುರ. ನಾಲ್ಕೇ ಪರಮಾಣು, ಹೆದೆ ಏರಿಸಿದ ಬಿಲ್ಲಿನಷ್ಟು ಬಿಗಿ. ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಲು ಬಳಸುವ ಕಿಣ್ವ ಮುಟ್ಟಿದರೆ ಉಂಗುರ ಬಿಚ್ಚಿ ಕಿಣ್ವಕ್ಕೇ ಅಂಟಿಕೊಳ್ಳುತ್ತೆ, ಗೋಡೆ ಕೆಲಸ ನಿಲ್ಲುತ್ತೆ. ಆದರೆ ನೀರಲ್ಲಿಟ್ಟರೂ ಅದೇ ಉಂಗುರ ನಿಧಾನಕ್ಕೆ ಬಿಚ್ಚುತ್ತೆ. ಅದಕ್ಕೇ ಪುಡಿ!

ಸೆಫಲೋಸ್ಪೋರಿನ್-ಸಿ ಮದ್ದಾಗುವಷ್ಟು ಜೋರಿರಲಿಲ್ಲ. ಹಾಗಾಗಿ ಅದರ ಬಾಲ ಕತ್ತರಿಸಿ, 7-ಎಸಿಎ ಅನ್ನೋ ತಿರುಳು ಉಳಿಸಿಕೊಂಡು, ಹೊಸ ಬಾಲ ಜೋಡಿಸಿದರು. 1964ರಲ್ಲಿ ಅಮೆರಿಕದ ಎಲಿ ಲಿಲ್ಲಿ ಕಂಪನಿಯ ಸೆಫಲೋಥಿನ್ ಬಂತು. 1965ರಲ್ಲಿ ರಾಬರ್ಟ್ ವುಡ್‌ವರ್ಡ್ ಬೂಷ್ಟಿನ ಹಂಗಿಲ್ಲದೆ ಸೆಫಲೋಸ್ಪೋರಿನ್-ಸಿ ಪೂರ್ತಿ ಕಟ್ಟಿದ ಕಥೆಯನ್ನ ನೊಬೆಲ್ ಭಾಷಣದಲ್ಲೇ ಹೇಳಿದರು. ಆದರೆ ಕಾರ್ಖಾನೆಗಳು ಆ ದಾರಿ ಹಿಡೀಲಿಲ್ಲ. ಕಾಮರ್ಸ್ ಓದಿದ ನನಗೆ ಇದು ಬೇಗ ಅರ್ಥ ಆಯ್ತು: ಕಷ್ಟದ ಅರ್ಧ ಕೆಲಸ ಬೂಷ್ಟು ಮಾಡಿಕೊಡುವಾಗ ಎಲ್ಲವನ್ನೂ ನಾವೇ ಮಾಡೋದು ದುಬಾರಿ.

ಆ ಕುಟುಂಬದ ಇಂಜೆಕ್ಷನ್‌ಗಳನ್ನ ನಮ್ಮ ಬೆಂಗಳೂರಿನ ಪೀಣ್ಯದ ಸರ್ಕಾರಿ ಕಂಪನಿ, 1981ರಲ್ಲಿ ಶುರುವಾದ ಕರ್ನಾಟಕ ಆಂಟಿಬಯಾಟಿಕ್ಸ್, ಕೂಡ ಮಾಡುತ್ತೆ.

ಬ್ಯಾಕ್ಟೀರಿಯಾ ಸುಮ್ಮನೆ ಕೂತಿಲ್ಲ. ಉಂಗುರ ಕತ್ತರಿಸೋ ಕಿಣ್ವ ಅವೂ ಕಲಿತಿವೆ. 2016ರಿಂದ ಪಾಕಿಸ್ತಾನದ ಸಿಂಧ್‌ನಲ್ಲಿ ಈ ಗುಂಪಿನ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯ್ಡ್ ಹರಡಿತು.

ಇಷ್ಟೆಲ್ಲ ಹೇಳಿದ ಮೇಲೆ ಅವ್ವ ಬಾಟ್ಲಿ ನೋಡಿದ್ಲು. "ಹಂಗಾರ ಇದರಾಗ ಈಗ ಬರೇ ಬಣ್ಣದ ನೀರೇನು?" ಪೂರ್ತಿ ಹಾಗಲ್ಲ ಅವ್ವ, ಆದರೆ ನಂಬಿ ಮಗುವಿಗೆ ಕುಡಿಸೋ ಮದ್ದಂತೂ ಅಲ್ಲ ಅಂದೆ. ಗೂಡು ಖಾಲಿ ಆಯ್ತು. ನಿಮ್ಮ ಮನೆ ಗೂಡೂ ಒಮ್ಮೆ ನೋಡ್ರಿ. ಡಾಕ್ಟರ್ ಹೇಳಿದಷ್ಟು ದಿನ ಪೂರ್ತಿ ಕೊಡ್ರಿ.