ಎರಡನೆಯ ಗಂಡಾಂತರ

ಸತ್ತವರ ಪಟ್ಟಿಯನ್ನು ತಾಳ್ಮೆಯಿಂದ ಓದುವುದೂ ವೈದ್ಯನ ಕರ್ತವ್ಯಗಳಲ್ಲಿ ಒಂದು. ನಾನು ಇಂದು ಹೇಳಹೊರಟಿರುವುದು ಅಂಥ ಒಂದು ಪಟ್ಟಿಯ ಕಥೆ.

ಲೂಪಸ್ ಎಂಬುದು ವಾತರೋಗಗಳ ಬಳಗಕ್ಕೆ ಸೇರಿದ ವ್ಯಾಧಿ. ದೇಹವನ್ನು ಕಾಯಬೇಕಾದ ರಕ್ಷಕಶಕ್ತಿಯೇ ದಾರಿತಪ್ಪಿ ಕೀಲು, ಚರ್ಮ, ಮೂತ್ರಪಿಂಡಗಳ ಮೇಲೆ ತಿರುಗಿಬೀಳುತ್ತದೆ. ಇದಕ್ಕೆ ತುತ್ತಾಗುವವರಲ್ಲಿ ಹೆಚ್ಚಿನವರು ಹರೆಯದ ಹೆಂಗಸರು. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಸಂಧಿವಾತದಿಂದ ನರಳುತ್ತಿದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟರು; ಆಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. 1950ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ಅದೇ ಕುಲದ ಔಷಧಗಳು ಲೂಪಸ್ ರೋಗಿಗಳಿಗೂ ಆಯುಷ್ಯವನ್ನು ತಂದುಕೊಟ್ಟವು.

ಆ ಆಯುಷ್ಯದ ಮುಂದಿನ ಗತಿಯೇನು? 1976ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಮರ್ರೆ ಯುರೋವಿಟ್ಜ್ ಮತ್ತು ಸಹೋದ್ಯೋಗಿಗಳು ಒಂದು ಲೇಖನವನ್ನು ಪ್ರಕಟಿಸಿದರು. ಐದು ವರ್ಷ ಅವರ ಕಣ್ಗಾವಲಿನಲ್ಲಿದ್ದ 81 ಲೂಪಸ್ ರೋಗಿಗಳಲ್ಲಿ 11 ಮಂದಿ ತೀರಿಕೊಂಡಿದ್ದರು. ಅಂಕಿಅಂಶಗಳ ಪಂಡಿತರು ಮೂಗು ಮುರಿಯಬಹುದಾದಷ್ಟು ಸಣ್ಣ ಸಂಖ್ಯೆ! ಆದರೂ ಅದನ್ನು ಎರಡಾಗಿ ವಿಂಗಡಿಸಿ ನೋಡುವ ವಿವೇಕ ಅವರಿಗಿತ್ತು. ಆರು ಮಂದಿ ರೋಗ ಗೊತ್ತಾದ ಮೊದಲ ವರ್ಷದಲ್ಲೇ, ವ್ಯಾಧಿ ಉಲ್ಬಣಿಸಿದ್ದಾಗ, ಮಡಿದಿದ್ದರು. ಅವರಲ್ಲಿ ನಾಲ್ವರಿಗೆ ಭಾರಿ ಸೋಂಕೂ ತಗುಲಿತ್ತು. ಉಳಿದ ಐವರು ಹೋದದ್ದು ಸರಾಸರಿ 8.6 ವರ್ಷಗಳ ಅನಂತರ. ಅವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರಲ್ಲಿ ಲೂಪಸ್ ಅಡಗಿತ್ತು. ಆದರೆ ಐವರಿಗೂ ಹೃದಯಾಘಾತವಾಗಿತ್ತು. ಸರಾಸರಿ 7.2 ವರ್ಷ ಅವರು ಪ್ರೆಡ್ನಿಸೋನ್ ಸೇವಿಸಿದ್ದರು.

ಮನೆಯ ಬೆಂಕಿಯನ್ನು ಆರಿಸಿ ಎಲ್ಲರೂ ನಿಟ್ಟುಸಿರುಬಿಟ್ಟಾಗ ಗೋಡೆಯೊಳಗೆ ಕಿಡಿ ಹೊಗೆಯಾಡುತ್ತಿತ್ತು. ಉರಿಯೂತವು ರಕ್ತನಾಳದ ನವಿರಾದ ಒಳಪದರವನ್ನು ಕೆಡಿಸುತ್ತದೆ. ಕೆಟ್ಟಲ್ಲಿ ಕೊಬ್ಬು ಕೂಡಿಕೊಳ್ಳುತ್ತದೆ. ಸ್ಟೆರಾಯ್ಡ್ ಉರಿಯನ್ನು ತಣಿಸುತ್ತದೆ, ನಿಜ. ಆದರೆ ದೀರ್ಘಕಾಲ ಸೇವಿಸಿದರೆ ರಕ್ತದೊತ್ತಡ, ಸಕ್ಕರೆ, ಕೊಬ್ಬುಗಳನ್ನು ಏರಿಸಬಲ್ಲದು. ಕಾಯುವ ಕೈಯೇ ಕೊರೆಯುವುದೂ ಉಂಟು.

1997ರಲ್ಲಿ ಪಿಟ್ಸ್‌ಬರ್ಗಿನ ಸೂಸನ್ ಮ್ಯಾಂಜಿ ಮತ್ತು ಸಂಗಡಿಗರ ಅಧ್ಯಯನ ಹೊರಬಂದಿತು. 35ರಿಂದ 44ರ ಹರೆಯದ ಲೂಪಸ್ ಪೀಡಿತ ಮಹಿಳೆಯರಲ್ಲಿ ಹೃದಯಾಘಾತವು ಅದೇ ಪ್ರಾಯದ ಇತರ ಮಹಿಳೆಯರಿಗಿಂತ 50 ಪಟ್ಟಿಗೂ ಅಧಿಕವೆಂದು ಅದು ಕಂಡುಕೊಂಡಿತ್ತು. ಹೃದಯಾಘಾತ ಯಜಮಾನರ ಕಾಯಿಲೆ, ಗೃಹಿಣಿಯರದಲ್ಲ ಎಂದು ನಂಬಿ ಕುಳಿತಿದ್ದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಇಂದು ಬಲ್ಲ ವೈದ್ಯರು ಕೀಲು ನೋಯದ ದಿನವೂ ರೋಗಿಯ ರಕ್ತದೊತ್ತಡವನ್ನು ಅಳೆಯುತ್ತಾರೆ, ಕೊಬ್ಬು, ಸಕ್ಕರೆ, ಮೂತ್ರಗಳನ್ನು ಪರೀಕ್ಷಿಸುತ್ತಾರೆ, ಧೂಮಪಾನವನ್ನು ಬಿಡಿಸುತ್ತಾರೆ. ಮಲೇರಿಯಾ ಔಷಧವಾಗಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಲೂಪಸ್ಸನ್ನು ಹತೋಟಿಯಲ್ಲಿಟ್ಟು ಸ್ಟೆರಾಯ್ಡಿನ ಪ್ರಮಾಣವನ್ನು ಇಳಿಸಲು ನೆರವಾಗುತ್ತದೆ. ಇಳಿಸುವುದು ಮಾತ್ರ ವೈದ್ಯರ ಅಂಕೆಯಲ್ಲೇ ನಡೆಯಬೇಕು. ಸ್ಟೆರಾಯ್ಡಿನ ಹೆಸರಿಗೆ ಬೆದರಿ ಗುಳಿಗೆಯನ್ನು ಥಟ್ಟನೆ ನಿಲ್ಲಿಸುವವರನ್ನು ನಾನು ಬಲ್ಲೆ. ವರ್ಷಗಟ್ಟಲೆ ಹೊರಗಿನ ಸರಬರಾಜಿಗೆ ಒಗ್ಗಿದ ಅಡ್ರಿನಲ್ ಗ್ರಂಥಿ ತನ್ನ ಕಸುಬನ್ನೇ ಮರೆತಿರುತ್ತದೆ. ಮತ್ತೆ ಕಲಿಯಲು ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ.