ಗಣಿಯೂರಿನ ಹಿತ್ತಲೂ ಬೇರಿಹಣ್ಣೂ

ಕೋಲಾರದ ಚಿನ್ನದ ಗಣಿಯ ಊರನ್ನು ಆಂಗ್ಲರು ‘ಪುಟ್ಟ ಇಂಗ್ಲೆಂಡ್’ ಎಂದು ಕರೆದುದುಂಟು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿಗೆ ಬಂದ ಮೇಲೆ ಬಂಗಲೆಗಳೆದ್ದವು. ಅವುಗಳ ಮುಂದೆ ಹೂದೋಟ, ಹುಲ್ಲುಹಾಸು, ಕತ್ತರಿಸಿದ ಹಸುರು ಬೇಲಿ. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ನೀರು ಬೇತಮಂಗಲದ್ದು. ಬೇತಮಂಗಲವೆಂದರೆ ಶಾಸನಗಳ ವಿಜಯಾದಿತ್ಯಮಂಗಲ. ಹಳೆಯ ಅರಸನೊಬ್ಬನ ಹೆಸರು ಹೊತ್ತ ಊರಿನ ಪಾಲಾರಿನ ನೀರು ದೊರೆಗಳ ಹೂಗಿಡಗಳಿಗೂ ಒದಗಿತು.

ಬಾರದೆ ಉಳಿದುದು ಒಂದು: ಇಂಗ್ಲೆಂಡಿನ ಹಿತ್ತಲಿನ ಪೇರು, ನಮ್ಮವರ ಬೇರಿಹಣ್ಣು.

ಬೇರಿಯಲ್ಲಿ ಬೇಯಿಸಿ ತಿನ್ನುವುದೊಂದು ಜಾತಿ, ಊಟವಾದ ಮೇಲೆ ಹಸಿಯಾಗಿಯೇ ಸವಿಯುವುದೊಂದು ಜಾತಿ. ಎರಡನೆಯದರಲ್ಲಿ ಜಗತ್ಪ್ರಸಿದ್ಧವಾದುದು ‘ವಿಲಿಯಮ್ಸ್’. 1770ರ ಸುಮಾರಿಗೆ ಬರ್ಕ್‌ಷೈರಿನ ಆಲ್ಡರ್‌ಮಾಸ್ಟನ್ ಎಂಬ ಹಳ್ಳಿಯಲ್ಲಿ ಇದನ್ನು ಬೆಳೆಸಿದವನು ಸ್ಟೇರ್ ಎಂಬ ಶಾಲೆಯ ಉಪಾಧ್ಯಾಯ. ಹೆಸರು ಮಾತ್ರ ಸಸಿಗಳನ್ನು ಹಂಚಿದ ವ್ಯಾಪಾರಿಗೆ ಸಂದಿತು. ಉಪಾಧ್ಯಾಯವೃತ್ತಿಯವರಿಗೆ ಇದೇನೂ ಹೊಸತಲ್ಲ! ಈ ಹಣ್ಣು ಮರದಲ್ಲೇ ಮಾಗಿದರೆ ಒಳಗಿನಿಂದ ಕೆಡುತ್ತದೆ. ಬಲಿತು ಗಟ್ಟಿಯಿರುವಾಗಲೇ ಕಿತ್ತು, ಮನೆಯೊಳಗಿಟ್ಟು ಮಾಗಿಸಬೇಕು. ಆಗ ಬೆಣ್ಣೆಯಂತೆ ಕರಗುತ್ತದೆ.

ಇದು ನಮ್ಮಲ್ಲೇಕೆ ಫಲಿಸದು? ನೀರಿನ ಕೊರತೆಯೆಂದು ಕೆಲವರು, ಸೈನೈಡ್ ದಿಬ್ಬದ ಧೂಳೆಂದು ಕೆಲವರು ಹೇಳುತ್ತಾರೆ. ಮುಖ್ಯವಾದ ಕಾರಣ ಬೇರೆ. ಎಲೆಯುದುರಿಸಿ ನಿದ್ರಿಸುವ ಈ ಮರ ಚೆನ್ನಾಗಿ ಎಚ್ಚತ್ತು ಹೂ ಬಿಡಬೇಕಾದರೆ, ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯ ಶೀತವನ್ನು ನೂರಾರು ಗಂಟೆ ಅನುಭವಿಸಿರಬೇಕು. ನಮ್ಮೂರು ಸುಮಾರು 2,800 ಅಡಿ ಎತ್ತರದಲ್ಲಿದೆ. ಧನುರ್ಮಾಸದ ನಸುಕಿನಲ್ಲಿ ನಾವು ಕಂಬಳಿ ಹೊದೆದರೂ ಮರಕ್ಕೆ ಅದು ಚಳಿಯೇ ಅಲ್ಲ. ದೊರೆಗಳು ರೈಲನ್ನು ತರಿಸಬಹುದಿತ್ತು, ಮಂಜನ್ನು ತರಿಸುವಂತಿರಲಿಲ್ಲ. 1800ರಲ್ಲಿ ಬೆಂಗಳೂರಿನ ಸುಲ್ತಾನರ ತೋಟವನ್ನು ಕಂಡ ಬುಕಾನನ್ ಅಲ್ಲಿ ಸೇಬು, ಪೀಚ್ ಫಲ ಬಿಡುತ್ತಿದ್ದುದನ್ನು ಬರೆದಿದ್ದಾನೆ, ನಿಜ. ಆದರೆ ಸೇಬು ಫಲಿಸಿದ ಕಡೆ ವಿಲಿಯಮ್ಸ್ ಫಲಿಸಬೇಕೆಂಬ ನಿಯಮವಿಲ್ಲ.

ಆದುದರಿಂದ ಸಸಿ ಮಾರುವವನು ‘ಸೀಮೆ ಬೇರಿ’ ಎಂದಾಗ ಹಣ ಕೊಡುವ ಮುನ್ನ ಜಾತಿಯನ್ನು ಕೇಳಿರಿ. ನೀಲಗಿರಿಯಲ್ಲಿ ಬೆಳೆಯುವ ‘ಕೀಫರ್’ ಎಂಬುದು ಚೀನಾದ ಮರಳುಬೇರಿಯೂ ಯೂರೋಪಿನ ಬೇರಿಯೂ ಕೂಡಿ ಅಮೆರಿಕದಲ್ಲಿ ಹುಟ್ಟಿದ ಮಿಶ್ರತಳಿ. ಇದು ಕಡಿಮೆ ಚಳಿಗೆ ಒಗ್ಗುತ್ತದೆ. ಹಣ್ಣು ಒರಟು, ಹಲ್ಲಿಗೆ ಮರಳು ಸಿಕ್ಕಂತೆ. ಹಟವಿದ್ದವರು ಇದನ್ನು ನೆಟ್ಟು ನೋಡಬಹುದು. ಆದರೆ ನೀಲಗಿರಿಯ ಚಳಿ ಬಂಗಾರಪೇಟೆಗಿಲ್ಲ. ಎಲೆ ಬಂದೀತು, ಹಣ್ಣಿಗೆ ನಾನು ಹೊಣೆಯಲ್ಲ.

ಹಣ್ಣು ಬಾರದಿದ್ದರೂ ಹೆಸರು ಬಂದಿದೆ. ಪೋರ್ಚುಗೀಸರ ಮಾತಿನಲ್ಲಿ ‘ಪೇರ’ ಎಂದರೆ ಇದೇ ಹಣ್ಣು. ಕರಾವಳಿಯ ಕನ್ನಡಿಗರು ‘ಪೇರಳೆ’ ಎನ್ನುವುದು ಸೀಬೆಗೆ. ಸೀಬೆಯೆಂಬ ನಮ್ಮ ಮಾತೂ ಸೇಬನ್ನು ಹೇಳುವ ಪಾರಸಿಯ ‘ಸೀಬ್’ನ ಬಂಧುವೇ ಎಂದು ನನ್ನ ಊಹೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಎರಡು ಚಳಿನಾಡಿನ ಹಣ್ಣುಗಳ ಹೆಸರನ್ನು ಹೊತ್ತ ಸೀಬೆ ಮಾತ್ರ ಇಲ್ಲಿಯ ಹಿತ್ತಲುಗಳಲ್ಲಿ ಯಾರ ಆರೈಕೆಯನ್ನೂ ಕೇಳದೆ ಕಾಯಿ ಬಿಡುತ್ತದೆ.